ಓಲೆ, ಶಿಲೆ, ಮೋಡಿ: ಧಾರವಾಡ ಸೀಮೆಯ ಬರಹಗಳು ಮತ್ತು ಕನ್ನಡ ಲಿಪಿಶಾಸ್ತ್ರದ ಬಾಕಿ ಕೆಲಸ

ಧಾರವಾಡ ಜಿಲ್ಲೆಯ ಅಣ್ಣಿಗೇರಿಯಲ್ಲಿ ದೊರೆತ, ಬಾದಾಮಿ ಚಾಲುಕ್ಯರ ಎರಡನೆಯ ಕೀರ್ತಿವರ್ಮನ ಶಾಸನವು ಅವನ ಆಳ್ವಿಕೆಯ 6ನೆಯ ವರ್ಷದ್ದು, ಅಂದರೆ ಕ್ರಿ.ಶ. 751ರ ಸುಮಾರಿನದು. ಜೇಬುಳಗೇರಿಯ ಮುಖ್ಯಸ್ಥನಾಗಿದ್ದ ಕಲಿಯಮ್ಮನೆಂಬವನು ಚೇದಿಯವೊಂದನ್ನು, ಎಂದರೆ ಜಿನಾಲಯವನ್ನು, ಕಟ್ಟಿಸಿದ ಸಂಗತಿಯನ್ನು ಅದು ತಿಳಿಸುತ್ತದೆ. ಚಾಲುಕ್ಯ ಇತಿಹಾಸಕಾರರಿಗೂ ಜೈನ ಧರ್ಮದ ಅಭ್ಯಾಸಿಗಳಿಗೂ ಈ ಶಾಸನ ಪರಿಚಿತವಾದುದೇ. ಭಾಷಾವಿಜ್ಞಾನಿಯ ದೃಷ್ಟಿಯಿಂದ ನೋಡಿದರೆ ಮಾತ್ರ ಮೇಲಿನ ಎರಡು ವಾಕ್ಯಗಳಲ್ಲಿಯೇ ಒಂದು ತೊಡಕು ಅಡಗಿದೆ. ‘ಚೇದಿಯ’, ‘ಜೇಬುಳಗೇರಿ’ ಎಂದು ನಾನು ದೀರ್ಘ ಕೊಟ್ಟು ಬರೆದಿದ್ದೇನೆ. ಕಲ್ಲಿನ ಮೇಲೆ ಆ ದೀರ್ಘವಿಲ್ಲ. ಆ ಕಾಲದ ಲಿಪಿಯು ಎ–ಏಗಳಿಗೆ ಒಂದೇ ಚಿಹ್ನೆಯನ್ನು, ಒ–ಓಗಳಿಗೆ ಇನ್ನೊಂದೇ ಚಿಹ್ನೆಯನ್ನು ಬಳಸುತ್ತಿತ್ತು. ‘ಚೇದಿಯ’ದ ದೀರ್ಘವನ್ನು ಸಂಸ್ಕೃತದ ‘ಚೈತ್ಯ’ವೂ ಅದರ ಪ್ರಾಕೃತ ರೂಪಗಳೂ ನಮಗೆ ಒದಗಿಸುತ್ತವೆ, ‘ಗೇರಿ’ಯ ದೀರ್ಘವನ್ನು ಇಂದಿಗೂ ಜೀವಂತವಾಗಿರುವ ‘ಕೇರಿ’ ಎಂಬ ಶಬ್ದ ಒದಗಿಸುತ್ತದೆ. ಆದರೆ ‘ಜೇ’ ದೀರ್ಘವೋ ಹ್ರಸ್ವವೋ ಎಂಬುದಕ್ಕೆ ಸಂಪಾದಕನ ಕಿವಿಯ ಹೊರತು ಬೇರೆ ಆಧಾರವಿಲ್ಲ. ಅಚ್ಚಾದ ಪುಟದಲ್ಲಿ ಈ ಮೂರೂ ದೀರ್ಘಗಳು ಒಂದೇ ಮೈಕಟ್ಟಿನಲ್ಲಿ ನಿಂತು, ಒಂದೇ ಪ್ರಮಾಣದ ಸಾಕ್ಷ್ಯಗಳಂತೆ ತೋರುತ್ತವೆ.

ಊರಿನ ಹೆಸರೇ ಇದಕ್ಕಿಂತ ಸೊಗಸಾದ ಉದಾಹರಣೆ. ಇಂದಿನ ಅಣ್ಣಿಗೇರಿಯು ಹಳೆಯ ದಾಖಲೆಗಳ ಪ್ರಕಟಿತ ಪಾಠಗಳಲ್ಲಿ ‘ಅಣ್ಣಿಗೆರೆ’ ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಕೆರೆಯ ಊರು ಯಾವಾಗ ಕೇರಿಯ ಊರಾಯಿತು? ಎ–ಏ ಭೇದವನ್ನು ಲಿಪಿ ತೋರಿಸದೆ ಇರುವುದರಿಂದ ನಿರ್ಣಯವೆಲ್ಲ ಕೊನೆಯ ಸ್ವರದ ಮೇಲೂ, ನಡುವಣ ವ್ಯಂಜನವು ರೇಫವೋ ಶಕಟರೇಫವೋ ಎಂಬುದರ ಮೇಲೂ ನಿಲ್ಲುತ್ತದೆ. ಏಕೆಂದರೆ ಹಳಗನ್ನಡದ ‘ಕೆಱೆ’ಯಲ್ಲಿ ಇರುವುದು ಶಕಟರೇಫ. ಹೀಗಿರುವಾಗ ಸಂಪಾದಕನೊಬ್ಬನು ಱ–ರ ವ್ಯತ್ಯಾಸವನ್ನು ‘ಓದುಗರ ಸೌಕರ್ಯಕ್ಕಾಗಿ’ ಸಮನಾಗಿಸಿದರೆ ಸ್ಥಳನಾಮದ ಇತಿಹಾಸವೊಂದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಲಿಪಿಶಾಸ್ತ್ರವನ್ನು ಕೇವಲ ಅಕ್ಷರ ಗುರುತಿಸುವ ಕೈಚಳಕವೆಂದು ಬಗೆದು, ಪಾಠ ಅಚ್ಚಾದ ಮೇಲೆ ಅದರ ಹಂಗಿಲ್ಲವೆಂದು ನಡೆದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಆ ಅಭ್ಯಾಸ ಎಲ್ಲಿಂದ ಬಂದಿತು, ಅದರಿಂದ ಐತಿಹಾಸಿಕ ಭಾಷಾವಿಜ್ಞಾನಕ್ಕೆ ಆಗಿರುವ ನಷ್ಟವೇನು ಎಂಬುದನ್ನು ಧಾರವಾಡ ಸೀಮೆಯ ಮೂರು ಬಗೆಯ ಬರಹಗಳನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

ಶಿಲೆ: ಐದು ಅಕ್ಷರಗಳ ಪರೀಕ್ಷೆ

ಕನ್ನಡ ಲಿಪಿಶಾಸ್ತ್ರದ ಆರಂಭದ ಅಧ್ಯಾಯಗಳು ಈ ಭಾಗದೊಡನೆ ನಿಕಟವಾಗಿ ಹೆಣೆದುಕೊಂಡಿವೆ. 1824ರ ಕಿತ್ತೂರು ಸಂಗ್ರಾಮದಲ್ಲಿ ಸೆರೆಸಿಕ್ಕಿದ್ದ ವಾಲ್ಟರ್ ಎಲಿಯಟ್ ಮುಂದೆ ಇದೇ ಸೀಮೆಯಿಂದ ಮೊದಲ್ಗೊಂಡು 595 ಶಾಸನಗಳ ಪ್ರತಿಗಳನ್ನು ಕೂಡಿಸಿದನು. ಅವೆಲ್ಲ ಕೈಯಿಂದ ನಕಲು ಮಾಡಿದವು. ನಕಲುಗಾರನ ಕಣ್ಣು ಕಂಡದ್ದೇ ಪಾಠ. ಮಂಗಳೂರಿನಲ್ಲಿ 1874ರಲ್ಲಿ ಎ.ಸಿ. ಬರ್ನೆಲ್‌ರ ದಕ್ಷಿಣ ಭಾರತೀಯ ಲಿಪಿಶಾಸ್ತ್ರದ ಗ್ರಂಥ ಅಚ್ಚಾದ ಹೊತ್ತಿಗೆ ಪರಿಸ್ಥಿತಿ ಬದಲಾಗತೊಡಗಿತ್ತು. ಜಾನ್ ಫೇತ್‌ಫುಲ್ ಫ್ಲೀಟ್ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ತಮ್ಮ ಗ್ರಂಥವನ್ನು ಹೊರತಂದರು. ಗೇಯಾರ್ಗ್ ಬ್ಯೂಲರ್ 1896ರಲ್ಲಿ ಜರ್ಮನ್ ಭಾಷೆಯಲ್ಲಿ ಬರೆದ ಭಾರತೀಯ ಲಿಪಿಶಾಸ್ತ್ರವನ್ನು 1904ರಲ್ಲಿ ಇಂಗ್ಲಿಷಿನಲ್ಲಿ ಸಂಪಾದಿಸಿ ಪ್ರಕಟಿಸಿದವರೂ ಅವರೇ.

ಫ್ಲೀಟ್ ರೂಪಿಸಿದ ವಿಧಾನ ಸರಳವಾದುದು. ಖ, ಙ, ಜ, ಬ, ಲ ಎಂಬ ಅಕ್ಷರಗಳನ್ನು ಅವರು ಪರೀಕ್ಷಾಕ್ಷರಗಳನ್ನಾಗಿ ಆರಿಸಿಕೊಂಡರು. ಇವುಗಳಿಗೆ ಹಳೆಯ ಚೌಕಾಕೃತಿಯೊಂದು, ನಂತರದ ಓಟದ ಆಕೃತಿಯೊಂದು ಇದ್ದು, ಬ ಮತ್ತು ಖಗಳ ಹೊಸ ಆಕೃತಿ 8ನೆಯ ಶತಮಾನದ ಕೊನೆಯವರೆಗೂ ರೂಢಿಗೆ ಬಂದಿರಲಿಲ್ಲವೆಂಬುದು ಅವರ ನಿಲುವು. ಆದ್ದರಿಂದ 5ನೆಯ ಅಥವಾ 6ನೆಯ ಶತಮಾನದ್ದೆಂದು ಹೇಳಿಕೊಳ್ಳುವ ತಾಮ್ರಪಟದಲ್ಲಿ ಹೊಸ ಬಕಾರ ಕಂಡುಬಂದರೆ ಅದು ಕೂಟಶಾಸನ. ಈ ಅಳತೆಗೋಲನ್ನು ಹಿಡಿದು ಅವರು ಪಶ್ಚಿಮ ಗಂಗರ ತಾಮ್ರಪಟಗಳನ್ನು ಒಂದರ ಹಿಂದೊಂದು ತಳ್ಳಿಹಾಕಿದರು. ಬಿ.ಎಲ್. ರೈಸ್ ಅವನ್ನು ಎತ್ತಿಹಿಡಿದರು. ಇಬ್ಬರ ನಡುವಣ ವಾದ ದಶಕಗಳ ಕಾಲ ನಡೆಯಿತು. ಅದರ ಕಟುತ್ವ ಇಂದಿನ ವಿದ್ವತ್ಪತ್ರಿಕೆಗಳಲ್ಲಿ ಮುದ್ರಣಯೋಗ್ಯವೆನಿಸಲಾರದು. ಕೊನೆಗೆ ಪೆನುಕೊಂಡ ತಾಮ್ರಪಟ ಬೆಳಕಿಗೆ ಬಂದಾಗ, ಅದರ ಅಕ್ಷರಗಳನ್ನು ಪರೀಕ್ಷಿಸಿ ಅದೊಂದು ನೈಜ ಗಂಗ ದಾಖಲೆಯೆಂದು 1915ರಲ್ಲಿ ಒಪ್ಪಿದವರು ಸ್ವತಃ ಫ್ಲೀಟ್.

ಈ ಪ್ರಕರಣವನ್ನು ‘ರೈಸ್ ಗೆದ್ದರು’ ಎಂದು ಮುಗಿಸುವುದು ವಾಡಿಕೆ. ನನಗೆ ಹಾಗೆನಿಸುವುದಿಲ್ಲ. ಗಂಗರ ಪಟಗಳಲ್ಲಿ ಹಲವು ನಿಜಕ್ಕೂ ನಂತರದ ಕಾಲದ ಸೃಷ್ಟಿಗಳು ಅಥವಾ ನಂತರದ ಪ್ರತಿಗಳು. ಫ್ಲೀಟರ ತರ್ಕದಲ್ಲಿ ಕುಂದು ಇದ್ದುದು ಬೇರೆಡೆ: ಕೂಟವಾದ ದಾಖಲೆಯಿಂದ ವಂಶದ ಇತಿಹಾಸವೂ ಕೂಟವೆಂಬ ನಿರ್ಣಯಕ್ಕೆ ಅವರು ಜಿಗಿದದ್ದರಲ್ಲಿ. ಪರೀಕ್ಷಾಕ್ಷರಗಳ ವಿಧಾನ ಮಾತ್ರ ಗಟ್ಟಿಯಾಗಿಯೇ ಉಳಿಯಿತು, ಮತ್ತು ಅದು ಗಟ್ಟಿಯಾಗಿರಲು ಕಾರಣ ಅಣ್ಣಿಗೇರಿಯಂತಹ ಶಾಸನಗಳು. ಕಾಲವೂ ಸ್ಥಳವೂ ಖಚಿತವಾಗಿರುವ, ಕದಲಿಸಲಾಗದ ಕಲ್ಲಿನ ಮೇಲಿನ ಬರಹವೇ ಉಳಿದವುಗಳ ವಯಸ್ಸನ್ನು ಅಳೆಯುವ ಮೊಳಕೋಲು. ನಂತರದ ಕಾಲದಲ್ಲಿ ಬಾಂಬೆ-ಕರ್ನಾಟಕದ ಶಾಸನಗಳು ‘ದಕ್ಷಿಣ ಭಾರತೀಯ ಶಾಸನ’ಗಳ 11, 15, 18, 20ನೆಯ ಸಂಪುಟಗಳಲ್ಲಿ ಹೊರಬಂದವು, 1939ರಲ್ಲಿ ಧಾರವಾಡದಲ್ಲಿ ಸ್ಥಾಪಿತವಾದ ಕನ್ನಡ ಸಂಶೋಧನ ಸಂಸ್ಥೆ ತನ್ನದೇ ಸಂಪುಟಗಳನ್ನು ತಂದಿತು, ಎಂ.ಎಂ. ಕಲಬುರ್ಗಿಯವರ ಧಾರವಾಡ ಜಿಲ್ಲೆಯ ಶಾಸನಸೂಚಿ 1975ರಲ್ಲಿ ಬಂದಿತು. ಎ.ಎನ್. ನರಸಿಂಹಯ್ಯ 1941ರಲ್ಲಿ 6 ಮತ್ತು 7ನೆಯ ಶತಮಾನಗಳ ಶಾಸನಗಳಿಂದಲೂ, ಜಿ.ಎಸ್. ಗಾಯಿ 1946ರಲ್ಲಿ 8ರಿಂದ 10ನೆಯ ಶತಮಾನದವರೆಗಿನ ಶಾಸನಗಳಿಂದಲೂ ಕನ್ನಡದ ಐತಿಹಾಸಿಕ ವ್ಯಾಕರಣಗಳನ್ನು ಕಟ್ಟಲು ಸಾಧ್ಯವಾದದ್ದು ಈ ಮೊಳಕೋಲು ಇದ್ದುದರಿಂದಲೇ.

ಓಲೆ: ಕಾಲವಿಲ್ಲದ ಕೈಬರಹ

ಶಿಲೆಯಿಂದ ಓಲೆಗೆ ಬಂದೊಡನೆ ನೆಲ ಕುಸಿಯುತ್ತದೆ. ಪಂಪನನ್ನೇ ನೋಡಬಹುದು. ಅವನ ತಾಯಿಯ ಕಡೆಯ ಬೇರು ಅಣ್ಣಿಗೇರಿಯದೆಂಬ ಸಂಗತಿ ನಮಗೆ ಹಸ್ತಪ್ರತಿಯಿಂದ ತಿಳಿದುದಲ್ಲ. ಇಂದಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಅವನ ತಮ್ಮ ಜಿನವಲ್ಲಭನು ಬಂಡೆಯ ಮೇಲೆ ಬರೆಯಿಸಿದ, ಸಂಸ್ಕೃತ, ಕನ್ನಡ, ತೆಲುಗು ಮೂರನ್ನೂ ಒಳಗೊಂಡ ಶಾಸನದಿಂದ ತಿಳಿದುದು. ವಿಕ್ರಮಾರ್ಜುನವಿಜಯದ ರಚನಾಕಾಲ 941ರ ಸುಮಾರು. ರೈಸ್ ಅದನ್ನು ಮೊದಲು ಅಚ್ಚು ಮಾಡಿಸಿದ್ದು 1898ರಲ್ಲಿ. ಈ ಎರಡು ವರ್ಷಗಳ ನಡುವೆ ಕಾವ್ಯವನ್ನು ಹೊತ್ತು ತಂದ ಓಲೆಗಳು ಕವಿಯ ಕಾಲಕ್ಕಿಂತ ಶತಮಾನಗಳಷ್ಟು ಈಚಿನವು. ಒಂದೇ ಮನೆತನದ, ಒಂದೇ ತಲೆಮಾರಿನ ಭಾಷೆ ಬಂಡೆಯ ಮೇಲೆ ಆ ಕಾಲದ ಕಾಗುಣಿತದಲ್ಲಿಯೂ ಓಲೆಯಲ್ಲಿ ಈಚಿನ ಲಿಪಿಕಾರರ ಕಾಗುಣಿತದಲ್ಲಿಯೂ ಉಳಿದಿದೆ. ಪಕಾರವು ಹಕಾರವಾದ ಬಗೆಯನ್ನೋ, ೞಕಾರವು ಳಕಾರದಲ್ಲಿ ಲೀನವಾದ ಬಗೆಯನ್ನೋ ಕಾವ್ಯದ ಪ್ರತಿಗಳಿಂದ ಕಾಲಾನುಕ್ರಮವಾಗಿ ತೋರಿಸಹೊರಟವರು ಕವಿಯ ಭಾಷೆಯನ್ನಲ್ಲ, ಪ್ರತಿಕಾರನ ಶಿಕ್ಷಣವನ್ನು ಅಳೆಯುವ ಅಪಾಯವಿದೆ. 13ನೆಯ ಶತಮಾನದಲ್ಲಿ ಕೇಶಿರಾಜನು ೞಕಾರವುಳ್ಳ ಶಬ್ದಗಳನ್ನು ಪಟ್ಟಿ ಮಾಡಿ ಕಲಿಸಬೇಕಾಯಿತೆಂದರೆ, ಆ ಅಕ್ಷರವು ಅಷ್ಟು ಹೊತ್ತಿಗೆ ಕಿವಿಯಿಂದ ಜಾರಿ ಪಾಠಶಾಲೆಯ ಸೊತ್ತಾಗಿತ್ತೆಂದೇ ಅರ್ಥ. ಪಾಠಶಾಲೆಯ ಸೊತ್ತು ಯಾವ ಶತಮಾನದ ಓಲೆಯಲ್ಲಿ ಬೇಕಾದರೂ ಕಾಣಿಸಿಕೊಳ್ಳಬಲ್ಲದು.

ಓಲೆಯ ವಯಸ್ಸನ್ನು ನಿರ್ಧರಿಸುವ ದಾರಿ ಯಾವುದು? ಪುಷ್ಪಿಕೆಯಲ್ಲಿ ಶಕವರ್ಷವಿದ್ದರೆ ಸಮಸ್ಯೆಯಿಲ್ಲ. ಆದರೆ ಬಹುಸಂಖ್ಯೆಯ ಪ್ರತಿಗಳಲ್ಲಿ ಇರುವುದು ಸಂವತ್ಸರದ ಹೆಸರು, ಮಾಸ, ಪಕ್ಷ, ತಿಥಿ ಮಾತ್ರ; ಕೆಲವೊಮ್ಮೆ ವಾರ. ಪ್ಲವ ಸಂವತ್ಸರವೆಂದು ಬರೆದಿದ್ದರೆ ಅದು 1601 ಆಗಬಹುದು, 1661 ಆಗಬಹುದು, 1721, 1781, 1841 ಸಹ ಆಗಬಹುದು. ವಾರ ಕೊಟ್ಟಿದ್ದರೆ ಸ್ವಾಮಿಕಣ್ಣು ಪಿಳ್ಳೆಯವರ 1922ರ ಪಂಚಾಂಗ ಕೋಷ್ಟಕಗಳನ್ನು ಹಿಡಿದು ಒಂದೆರಡನ್ನು ಉಳಿಸಿ ಮಿಕ್ಕವನ್ನು ತೆಗೆದುಹಾಕಬಹುದು. ಉಳಿದ ಎರಡರಲ್ಲಿ ಯಾವುದೆಂದು ಹೇಳಬೇಕಾದದ್ದು ಲಿಪಿಶಾಸ್ತ್ರ. ಇಲ್ಲಿಯೇ ನಮ್ಮ ಶಾಸ್ತ್ರ ಕೈಚೆಲ್ಲುತ್ತದೆ. 1661ರ ಕೈಬರಹಕ್ಕೂ 1781ರ ಕೈಬರಹಕ್ಕೂ ಇರುವ ಅಂತರವನ್ನು ಅಕ್ಷರರೂಪಗಳಿಂದಲೇ ತೋರಿಸಿಕೊಡಬಲ್ಲ, ಪುರಾವೆಯುಳ್ಳ ವಿವರಣೆ ಕನ್ನಡ ಓಲೆಗಳಿಗೆ ಇನ್ನೂ ಸಿದ್ಧವಾಗಿಲ್ಲ. ಎ.ವಿ. ನರಸಿಂಹಮೂರ್ತಿಯವರ ‘ಕನ್ನಡ ಲಿಪಿಯ ಉಗಮ ಮತ್ತು ವಿಕಾಸ’ದಂತಹ ಮಹತ್ತ್ವದ ಕೃತಿಯೂ ಮುಖ್ಯವಾಗಿ ಶಾಸನಗಳ ಮೇಲೆ ನಿಂತಿದೆ. ಶಾಸನದ ಅಕ್ಷರವನ್ನು ಉಳಿ ಮಾಡುತ್ತದೆ, ಓಲೆಯ ಅಕ್ಷರವನ್ನು ಕಂಟ ಮಾಡುತ್ತದೆ. ಕಂಟದಿಂದ ಕೊರೆದು, ಮಸಿ ಬಳಿದು ಒರೆಸಿದಾಗ ಮಾತ್ರ ಅಕ್ಷರ ಮೂಡುವ ಈ ಬರಹದಲ್ಲಿ ಗೆರೆಯ ದಪ್ಪ–ತೆಳುವಿನ ಆಟವಿಲ್ಲ. ಯೂರೋಪಿನ ಲೇಖನಿಯ ಬರಹಕ್ಕೆ ಒದಗುವ ಸುಳಿವುಗಳಲ್ಲಿ ಅರ್ಧದಷ್ಟು ಇಲ್ಲಿ ಹುಟ್ಟುವುದೇ ಇಲ್ಲ. ಹುಣಸೆಬೀಜದ ಅಂಟಿನಿಂದ ಗಟ್ಟಿ ಮಾಡಿ ಕರಿದಾಗಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದ ಕಡತಗಳ ಬರಹವಂತೂ ಬೇರೆಯೇ ಒಂದು ಜಾತಿ.

ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ (1964), ಕಲಬುರ್ಗಿಯವರ ‘ಕನ್ನಡ ಗ್ರಂಥಸಂಪಾದನಾಶಾಸ್ತ್ರ’ (1972) ಇವು ನಮ್ಮಲ್ಲಿ ಹಸ್ತಪ್ರತಿಯ ಅಧ್ಯಯನಕ್ಕೆ ಶಿಸ್ತು ಕೊಟ್ಟವು. ಆದರೆ ಅವುಗಳ ಗುರಿ ಕವಿಯ ಪಾಠ. ಪ್ರತಿಯು ಆ ಪಾಠಕ್ಕೆ ಸೇತುವೆ. ದಾಟಿದ ಮೇಲೆ ಸೇತುವೆಯ ಕಟ್ಟಡವನ್ನು ಯಾರೂ ವರ್ಣಿಸುವುದಿಲ್ಲ. ದ–ಧ, ಪ–ವಗಳಂತಹ ಜೋಡಿಗಳ ಗೊಂದಲವನ್ನು ಸಂಪಾದಕರು ‘ಲಿಪಿಕಾರನ ಪ್ರಮಾದ’ವೆಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ನಡೆಯುವುದು ಈ ಗುರಿಗೆ ಸಹಜವಾದದ್ದೇ. ಭಾಷಾವಿಜ್ಞಾನಿಗೆ ಮಾತ್ರ ಆ ಒಂದು ಸಾಲು ಸಾಲದು. ‘ದರ್ಮ’ ಎಂದು ಬರೆದವನ ಕೈಯಲ್ಲಿ ದ ಮತ್ತು ಧಗಳ ಆಕೃತಿಗಳೇ ಒಂದಾಗಿದ್ದವೇ, ಅಥವಾ ಆಕೃತಿಗಳು ಬೇರೆಬೇರೆಯಾಗಿದ್ದರೂ ಅವನ ಬಾಯಲ್ಲಿ ಮಹಾಪ್ರಾಣ ಇರಲಿಲ್ಲವೇ? ಮೊದಲನೆಯದು ಲಿಪಿಯ ಸಂಗತಿ, ಎರಡನೆಯದು ಭಾಷೆಯ ಸಂಗತಿ. ಅದೇ ಕೈ ಬರೆದ ಇತರ ಎಲೆಗಳಲ್ಲಿ ಎರಡು ಆಕೃತಿಗಳು ಹೇಗಿವೆಯೆಂದು ನೋಡದೆ ಉತ್ತರ ಹೇಳುವಂತಿಲ್ಲ.

ವಚನಗಳ ವಿಷಯದಲ್ಲಿ ಈ ಕೊರತೆ ಇನ್ನೂ ತೀವ್ರ. ಧಾರವಾಡದಲ್ಲಿ 1880ರಲ್ಲಿ ಹುಟ್ಟಿ ವಿಜಾಪುರದಲ್ಲಿ ನೆಲೆಸಿದ ಫ.ಗು. ಹಳಕಟ್ಟಿಯವರು ಮನೆಮನೆಗಳ, ಮಠಮಠಗಳ ಓಲೆಗಳನ್ನು ಅರಸಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ತಂದರು, ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದ 15 ಸಮಗ್ರ ವಚನ ಸಂಪುಟಗಳು ಆ ಮಹಾಕಾರ್ಯದ ಮುಂದುವರಿಕೆ. ಚಂಪೂ ಕಾವ್ಯದಲ್ಲಿ ಎ–ಏ, ಒ–ಓಗಳ ಸಂದೇಹ ಬಂದಾಗ ಛಂದಸ್ಸು ಪಂಚಾಯಿತಿ ಮಾಡುತ್ತದೆ. ಮಾತ್ರೆಯ ಲೆಕ್ಕ ತಪ್ಪಿದರೆ ಪಾಠ ತಪ್ಪು. ವಚನಕ್ಕೆ ಆ ಪಂಚಾಯಿತಿ ಇಲ್ಲ. ಓಲೆಯ ಬರಹದಲ್ಲಿ ‘ಬೆಳೆ’ ಮತ್ತು ‘ಬೇಳೆ’, ‘ಕೊಡು’ ಮತ್ತು ‘ಕೋಡು’ ಒಂದೇ. ‘ಒಲೆ’ ಮತ್ತು ‘ಓಲೆ’ಯೂ ಒಂದೇ, ಓಲೆಗಳು ಒಲೆಯ ಪಾಲಾದ ಕಥೆಗಳನ್ನು ಹಳ್ಳಿಗಳಲ್ಲಿ ಕೇಳಿದವರಿಗೆ ಈ ಲಿಪಿಸಾಮ್ಯ ಕ್ರೂರ ವಿನೋದವೆನಿಸೀತು. ಹೆಚ್ಚಿನ ಕಡೆ ಸಂದರ್ಭವೇ ಅರ್ಥವನ್ನು ನಿರ್ಣಯಿಸುತ್ತದೆಂಬುದು ನಿಜ. ಆದರೆ 12ನೆಯ ಶತಮಾನದ ಆಡುಗನ್ನಡಕ್ಕೆ ವಚನಗಳನ್ನು ಸಾಕ್ಷಿಯಾಗಿ ಕರೆಯುವಾಗ, ಆ ಸಾಕ್ಷಿಯ ಸ್ವರದೀರ್ಘಗಳೆಲ್ಲ 20ನೆಯ ಶತಮಾನದ ಸಂಪಾದಕರು ಹಚ್ಚಿದವು ಎಂಬುದನ್ನು ಯಾವ ಡಾಕ್ಟರೇಟ್ ಪ್ರಬಂಧವೂ ಮೊದಲ ಪುಟದಲ್ಲಿಯೇ ಹೇಳಬೇಕು.

ಮೋಡಿ: ಭೂಮಿಯ ಕಾಗದಗಳು

ನವಲಗುಂದ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ದೇಸಾಯಿ, ದೇಶಪಾಂಡೆ, ಕುಲಕರ್ಣಿ ಮನೆತನಗಳ ಕಾಗದಗಳನ್ನು ಸೇರಿಸಿಕೊಳ್ಳದೆ ಈ ಸೀಮೆಯ ಹಸ್ತಪ್ರತಿಗಳ ಚಿತ್ರ ಪೂರ್ಣವಾಗದು. ಸಾಹಿತ್ಯದ ಅಭ್ಯಾಸಿಗಳು ಇವುಗಳ ಕಡೆ ತಿರುಗಿ ನೋಡುವುದು ಕಡಿಮೆ. ಇವುಗಳ ಭಾಷೆ ಮರಾಠಿ, ಲಿಪಿ ಮೋಡಿ. ಮೊದಲು ತಲೆಗೆರೆಯನ್ನು ಎಳೆದುಕೊಂಡು, ಲೇಖನಿಯನ್ನು ಆದಷ್ಟು ಎತ್ತದೆ ಓಡಿಸುವ ಈ ಬರಹ ಕಂದಾಯ ಗುಮಾಸ್ತನ ಅವಸರಕ್ಕೆ ಹುಟ್ಟಿದ್ದು. ಇ–ಈ, ಉ–ಊ ಭೇದವನ್ನು ಅದು ತೋರುವುದಿಲ್ಲ. ಎ–ಏ, ಒ–ಓ ಭೇದ ಮರಾಠಿಗೆ ಬೇಕಿಲ್ಲದ್ದರಿಂದ ಅದೂ ಇಲ್ಲ. ಹಳಗನ್ನಡ ಲಿಪಿ ಎರಡು ಜೋಡಿ ಸ್ವರಗಳಲ್ಲಿ ದೀರ್ಘವನ್ನು ಮರೆಮಾಚಿದರೆ ಮೋಡಿ ನಾಲ್ಕು ಜೋಡಿಗಳಲ್ಲಿ ಮರೆಮಾಚುತ್ತದೆ. ಕನ್ನಡದ ಊರು, ಹೊಲ, ಹಳ್ಳಗಳ ಹೆಸರುಗಳು ಹೇರಳವಾಗಿ ಸಿಗುವ ಈ ದಾಖಲೆಗಳನ್ನು ಸ್ಥಳನಾಮಗಳ ಅಧ್ಯಯನಕ್ಕೆ ಬಳಸುವವರು ಇದನ್ನು ಮರೆಯುವಂತಿಲ್ಲ. ನವಲಗುಂದ, ಕುಂದಗೋಳ, ಕಲಘಟಗಿ ಎಂದು ನಾವು ನಡುವಣ ಅಕಾರಗಳನ್ನು ಪೂರ್ಣವಾಗಿ ಉಚ್ಚರಿಸುತ್ತೇವೆ. ಇಂಗ್ಲಿಷ್ ಕಾಗುಣಿತದಲ್ಲಿ ಅವು ನವಲ್‌ಗುಂದ್, ಕುಂದ್‌ಗೋಳ್, ಕಲ್‌ಘಟ್‌ಗಿ ಆಗಿವೆ. ಇದರ ಹಿಂದೆ ಇಂಗ್ಲಿಷಿನ ಪ್ರಭಾವಕ್ಕಿಂತ ಹೆಚ್ಚಾಗಿ, ಅಕಾರವನ್ನು ನುಂಗಿ ಓದುವ ಮರಾಠಿ ಗುಮಾಸ್ತನ ನಾಲಗೆ ಇದೆಯೆಂದು ನನ್ನ ಊಹೆ.

ಈ ಕಾಗದಗಳ ಓದು ಎಂದೂ ಬರಿಯ ವಿದ್ವತ್ತಿನ ವಿನೋದವಾಗಿರಲಿಲ್ಲ. ದಕ್ಷಿಣ ಮರಾಠಾ ಸೀಮೆಯಲ್ಲಿ 1843ರಲ್ಲಿ ಆರಂಭವಾಗಿ 1852ರ 11ನೆಯ ಕಾಯ್ದೆಯಿಂದ ಬಲಗೊಂಡ ಇನಾಮು ತನಿಖೆಯು, ತೆರಿಗೆಯಿಲ್ಲದೆ ಭೂಮಿ ಅನುಭವಿಸುತ್ತಿದ್ದ ಪ್ರತಿಯೊಬ್ಬನನ್ನೂ ಸನದು ತೋರಿಸೆಂದು ಕೇಳಿತು. ಸನದು ನೈಜವೋ ಕೃತಕವೋ ಎಂಬ ಪ್ರಶ್ನೆಯ ಮೇಲೆ ಮನೆತನಗಳ ಅನ್ನ ನಿಂತಿತು. ಕೈಬರಹ, ಮುದ್ರೆ, ಪುಣೆಯ ದಫ್ತರದೊಡನೆ ತಾಳೆ: ವಿಧಾನ ಲಿಪಿಶಾಸ್ತ್ರದ್ದೇ, ಅಧಿಕಾರ ಮಾತ್ರ ಸರಕಾರದ್ದು. 1858ರಲ್ಲಿ ನರಗುಂದದ ಬಾಬಾಸಾಹೇಬನ ಬಂಡಾಯದಲ್ಲಿ ಹತನಾದ ಮ್ಯಾನ್ಸನ್ ಹಿಂದೆ ಇದೇ ಇನಾಮು ಆಯೋಗದಲ್ಲಿ ದುಡಿದವನೆಂಬುದು ಆ ಕಾಲದ ಸಿಟ್ಟಿನ ಮೂಲವೊಂದನ್ನು ಸೂಚಿಸುತ್ತದೆ. ದತ್ತಕಕ್ಕೆ ಒಪ್ಪಿಗೆ ನಿರಾಕರಿಸಿದ್ದು ನರಗುಂದದ ತತ್‌ಕ್ಷಣದ ಕಾರಣ. ಯೂರೋಪಿನಲ್ಲಿಯೂ ಈ ಶಾಸ್ತ್ರ ಹುಟ್ಟಿದ್ದು ಇಂಥದೇ ಜಗಳದಲ್ಲಿ. ಮಠಗಳ ಹಳೆಯ ದಾನಪತ್ರಗಳು ಕೃತಕವೆಂದು 1675ರಲ್ಲಿ ಪಾಪೆಬ್ರೋಕ್ ಎತ್ತಿದ ಆಕ್ಷೇಪಕ್ಕೆ ಉತ್ತರವಾಗಿಯೇ ಜಾನ್ ಮಾಬಿಯೋನ್ 1681ರಲ್ಲಿ ದಾಖಲೆಗಳ ಪರೀಕ್ಷಾಶಾಸ್ತ್ರವನ್ನು ಬರೆದದ್ದು. ಅಲ್ಲಿ ಜಗಳ ಶಾಸ್ತ್ರವಾಯಿತು, ಶಾಸ್ತ್ರಕ್ಕೆ ಪೀಠಗಳು ಬಂದವು. ಇಲ್ಲಿ ಜಗಳ ಕಡತವಾಗಿ ಉಳಿಯಿತು; ಅದನ್ನು ಓದಬಲ್ಲವರ ಸಂಖ್ಯೆ ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತ ಬಂದಿತು.

ಯಂತ್ರದ ಕಣ್ಣು

ಪೀಠಗಳಿದ್ದ ಮಾತ್ರಕ್ಕೆ ಶಾಸ್ತ್ರ ಸುರಕ್ಷಿತವಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜು ತನ್ನ ಲಿಪಿಶಾಸ್ತ್ರದ ಪ್ರಾಧ್ಯಾಪಕ ಹುದ್ದೆಯನ್ನು ರದ್ದುಪಡಿಸಲು 2010ರಲ್ಲಿ ಹೊರಟಾಗ ಜಗತ್ತಿನ ವಿದ್ವಾಂಸರು ಪ್ರತಿಭಟಿಸಬೇಕಾಯಿತು. ನಮ್ಮಲ್ಲಿ ರದ್ದುಪಡಿಸಲು ಅಂತಹ ಪ್ರತ್ಯೇಕ ಹುದ್ದೆಯ ಪರಂಪರೆಯೇ ಗಟ್ಟಿಯಾಗಿ ಬೆಳೆದಿಲ್ಲ. ಹಣ ಬರುತ್ತಿರುವುದು ಬೇರೆ ದಾರಿಯಿಂದ: 2003ರ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ, 2025ರ ಕೇಂದ್ರ ಮುಂಗಡಪತ್ರ ಘೋಷಿಸಿದ, 1 ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಗುರಿಯುಳ್ಳ ಜ್ಞಾನಭಾರತಂ. ಶಾಸನಗಳ ಮಟ್ಟಿಗೆ ಬೆಂಗಳೂರಿನ ಮಿಥಿಕ್ ಸೊಸೈಟಿಯು ಕಲ್ಲುಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುತ್ತಿರುವುದು ನಿಜವಾದ ಮುನ್ನಡೆ. ಒದ್ದೆ ಕಾಗದ ಹಚ್ಚಿ, ಕುಂಚದಿಂದ ಬಡಿದು, ಮಸಿ ಒತ್ತಿ ತೆಗೆಯುವ ಅಚ್ಚುಪಡಿಯಲ್ಲಿ ಕಲ್ಲಿನ ಬಿರುಕೂ ಅಕ್ಷರದ ಗೀರೂ ಒಂದೇ ಬಿಳಿಯಾಗುತ್ತವೆ. ಆಳವನ್ನು ಅಳೆಯುವ ಸ್ಕ್ಯಾನಿನಲ್ಲಿ ಹಾಗಾಗುವುದಿಲ್ಲ.

ಚಿತ್ರ ತೆಗೆಯುವುದಾದ ಮೇಲೆ ಓದುವ ಕೆಲಸ. ಕೈಬರಹ ಓದುವ ಯಂತ್ರಗಳಿಗೆ ಮೊದಲು ಸಾವಿರಾರು ಸಾಲುಗಳ ಚಿತ್ರವನ್ನೂ ಅದರ ಸರಿಯಾದ ಪಾಠವನ್ನೂ ಜೊತೆಜೊತೆಯಾಗಿ ಕೊಟ್ಟು ಕಲಿಸಬೇಕು. ಈ ‘ಸರಿಯಾದ ಪಾಠ’ ಯಾವುದು ಎಂಬಲ್ಲಿಯೇ ಕನ್ನಡದ ಭವಿಷ್ಯ ನಿಂತಿದೆ. ಕೈಗೆ ಸುಲಭವಾಗಿ ಸಿಗುವುದು ಅಚ್ಚಾದ ಸಂಪಾದಿತ ಪಾಠ. ಅದನ್ನು ಕೊಟ್ಟು ಕಲಿಸಿದರೆ ಯಂತ್ರವು ಓಲೆಯಲ್ಲಿರುವ ‘ಕೊಡು’ವನ್ನು ಒಮ್ಮೆ ಕೊಡು ಎಂದೂ ಒಮ್ಮೆ ಕೋಡು ಎಂದೂ ಓದಲು ಕಲಿಯುತ್ತದೆ, ‘ದರ್ಮ’ ಕಂಡಲ್ಲಿ ‘ಧರ್ಮ’ವನ್ನು ಹೊರಡಿಸುತ್ತದೆ. ಅದರ ಓದು ನಿಖರವೆನಿಸುತ್ತದೆ, ಏಕೆಂದರೆ ನಾವು ನಿರೀಕ್ಷಿಸಿದ್ದನ್ನೇ ಅದು ಹೇಳುತ್ತದೆ. ಹಿಂದೆ ಒಬ್ಬೊಬ್ಬ ಸಂಪಾದಕನ ತೀರ್ಮಾನವಾಗಿದ್ದು, ಆದ್ದರಿಂದ ಪ್ರಶ್ನಿಸಲು ಬರುತ್ತಿದ್ದ ಸಂಗತಿ ಹೀಗೆ ಲಕ್ಷಾಂತರ ಎಲೆಗಳಿಗೆ ಒಮ್ಮೆಲೇ ಹರಡಿ ಯಾರ ತೀರ್ಮಾನವೂ ಅಲ್ಲದ್ದಾಗುತ್ತದೆ. ಇದಕ್ಕೆ ಬದಲಾಗಿ, ಎಲೆಯಲ್ಲಿ ಇದ್ದುದನ್ನು ಇದ್ದಂತೆಯೇ, ದೀರ್ಘ ಹಚ್ಚದೆ, ತಿದ್ದದೆ, ಪದ ಬಿಡಿಸದೆ ಲಿಪ್ಯಂತರಿಸಿದ ಪಾಠಗಳ ಭಂಡಾರವೊಂದು ಮೊದಲು ಬೇಕು. ಅದನ್ನು ಕಟ್ಟುವವರು ಲಿಪಿ ಬಲ್ಲ ಮನುಷ್ಯರೇ ಆಗಬೇಕಾಗುತ್ತದೆ.

ಆ ಭಂಡಾರವನ್ನು ಎಲ್ಲಿಂದ ಆರಂಭಿಸಬೇಕೆಂಬುದರಲ್ಲಿ ನನಗೆ ಸಂದೇಹವಿಲ್ಲ: ಶಕವರ್ಷ ನಮೂದಾಗಿರುವ ಓಲೆಗಳಿಂದ. 1953ರಲ್ಲಿ ಪ್ಯಾರಿಸಿನಲ್ಲಿ ಕೂಡಿದ ಲಿಪಿಶಾಸ್ತ್ರಜ್ಞರು ಕಾಲ ನಮೂದಿತ ಹಸ್ತಪ್ರತಿಗಳ ಸಚಿತ್ರ ಸೂಚಿಗಳನ್ನು ದೇಶದೇಶಗಳಲ್ಲಿ ಸಿದ್ಧಪಡಿಸಲು ತೊಡಗಿದರು; ಕಾಲವಿಲ್ಲದ ಲ್ಯಾಟಿನ್ ಪ್ರತಿಗಳ ವಯಸ್ಸನ್ನು ಇಂದು ಅವರು ಅಳೆಯುವುದು ಆ ಮೊಳಕೋಲಿನಿಂದ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಪೀಠ, ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮೈಸೂರಿನ ಸಂಗ್ರಹ, ಮಠಗಳ ಸಂಗ್ರಹಗಳು ಇವುಗಳಲ್ಲಿ ಶಕವರ್ಷವುಳ್ಳ ಪ್ರತಿಗಳಿಂದ ಒಂದೊಂದು ಎಲೆಯನ್ನು ಮಾತ್ರ ಆರಿಸಿ, ಕಾಲಾನುಕ್ರಮದಲ್ಲಿ ಜೋಡಿಸಿ, ಫ್ಲೀಟರ ಪರೀಕ್ಷಾಕ್ಷರಗಳಂತೆ ಓಲೆಗೆ ತಕ್ಕ ಅಕ್ಷರಗಳನ್ನು ಗುರುತಿಸುವುದು ಒಂದು ತಂಡದ ಕೆಲವು ವರ್ಷಗಳ ಕೆಲಸ. ನನ್ನ ಆಯ್ಕೆಯಲ್ಲಿ ಮೊದಲು ನೋಡಬೇಕಾದವು ದ–ಧ, ಪ–ವ ಜೋಡಿಗಳು, ಱ ಮತ್ತು ೞಗಳ ಉಳಿವು, ಹಾಗೂ ಸ್ವರರಹಿತ ನಕಾರದ ‘ನಕಾರ ಪೊಲ್ಲು’. ಎ–ಏಗಳನ್ನು ಬೇರ್ಪಡಿಸುವ ಚಿಹ್ನೆ ಅಚ್ಚಿನ ಮೊಳೆಗಳಿಗೆ ಮುಂಚೆಯೇ ಯಾವುದಾದರೂ ಕೈಯಲ್ಲಿ ತಲೆದೋರಿತ್ತೇ ಎಂಬುದೂ ಆಗಲೇ ಗೊತ್ತಾಗುವ ಸಂಗತಿ.

ಇದ್ದುದನ್ನು ಇದ್ದಂತೆ ಬರೆಯಲು ಗಣಕದಲ್ಲಿ ಅಕ್ಷರಗಳಾದರೂ ಇರಬೇಕಷ್ಟೆ. ಮೋಡಿ ಲಿಪಿ ಯೂನಿಕೋಡಿಗೆ ಸೇರಿದ್ದು 2014ರಲ್ಲಿ. ನಕಾರ ಪೊಲ್ಲು ಸೇರಿದ್ದು 2021ರಲ್ಲಿ. ೞ ಬಹಳ ಮೊದಲೇ ಸೇರಿತು. ಆದರೆ ಸೇರಿಸಿದವರು ಅದನ್ನು ಬೇರಾವುದೋ ಅಕ್ಷರವೆಂದು ತಿಳಿದು ‘ಕನ್ನಡ ಅಕ್ಷರ ಫ’ ಎಂಬ ಹೆಸರು ಕೊಟ್ಟರು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಆ ಮಾನಕದ ನಿಯಮ; ಆದ್ದರಿಂದ ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ಕೆಳಗೆ ಜೋಡಿಸಿದ್ದಾರೆ. ಕೇಶಿರಾಜನು ಪಟ್ಟಿ ಮಾಡಿ ಕಲಿಸಿದ ಅಕ್ಷರವು ಜಗತ್ತಿನ ಎಲ್ಲ ಗಣಕಗಳಲ್ಲಿಯೂ ಇಂದು ಈ ತಪ್ಪು ಹೆಸರನ್ನು ಹೊತ್ತುಕೊಂಡೇ ಇದೆ.